ನೋಡಿ ಹೋದವನು

ಶಾಂಭವಿ ಎರಡು ದೇಶಗಳ ಕಾನೂನು ಓದುತ್ತಿದ್ದಳು. ಮೊದಲು ಪ್ಯಾರಿಸ್ಸಿನಲ್ಲಿ ಫ್ರೆಂಚಿನಲ್ಲಿ, ಆಮೇಲೆ ಲಾಸ್ ಏಂಜಲೀಸಿನಲ್ಲಿ ಇಂಗ್ಲಿಷಿನಲ್ಲಿ. ಪ್ಯಾರಿಸ್ಸಿಗೆ ಬರುತ್ತೇನೆ ಎಂದಿದ್ದ ಅಪ್ಪನಿಗೆ, ಪರೀಕ್ಷೆ ಮುಗಿಯಲಿ ಎಂದಿದ್ದಳು.

ಆ ವಾರವೇ ಅಪ್ಪ ಕ್ಯಾಲಿಫೋರ್ನಿಯಾದ ರಾಂಚೊ ಬರ್ನಾರ್ಡೊದಲ್ಲಿನ ಮನೆಯ ಹತ್ತಿರ ವಾಕಿಂಗ್ ಹೋದಾಗ ಎದೆ ಹಿಡಿದುಕೊಂಡು ಬಿದ್ದರು. ಕೋವಿಡ್ ಹೆದರಿಕೆ ಇನ್ನೂ ಇದ್ದ ದಿನಗಳು. ದಾರಿಹೋಕನೊಬ್ಬ ನಿಂತು ನೋಡಿ, ಯಾರಿಗೂ ಫೋನ್ ಮಾಡದೆ ಹೋದದ್ದು ಎದುರು ಮನೆಯ ಕ್ಯಾಮೆರಾದಲ್ಲಿತ್ತು.

ಅಪ್ಪ ತೀರಿಹೋದ ವರ್ಷದ ಪೂಜೆಯ ದಿನ ಫೋಟೊದ ಮುಂದೆ ಎಡೆ ಇಟ್ಟ ಅವ್ವ ಕೇಳಿದಳು, "ಅಂವಾ ಮಾಡಿದ್ದು ಅಪರಾಧ ಅಲ್ಲೇನು?"

"ಫ್ರಾನ್ಸಿನ್ಯಾಗ ಹೌದು, ಜೈಲಿಗೆ ಹಾಕ್ತಾರ. ಇಲ್ಲಿ ಅಲ್ಲವ್ವ," ಎಂದಳು ಶಾಂಭವಿ.

ಅವ್ವ ದೀಪದ ಬತ್ತಿ ಸರಿಮಾಡಿದಳು.

"ಹಂಗಾದ್ರ ಅವರು ಬರ್ತೀನಿ ಅಂದಾಗ ನೀ ಕರಸ್ಕೋಬೇಕಿತ್ತವಾ. ಅಲ್ಲೇ ಬೀಳ್ತಿದ್ರು."