ಲೋಳೆಯ ಅಂಗಿ

ಓದುಗರೇ, ಅತ್ಯಂತ ಗಂಭೀರವಾದ ವಿಷಯವೊಂದನ್ನು ತಮ್ಮ ಅವಗಾಹನೆಗೆ ತರಬೇಕಾಗಿದೆ. ನಮ್ಮ ಅಡುಗೆಮನೆಯ ಸಿಂಕಿನಲ್ಲಿ, ನೀರು ಇಳಿದುಹೋಗುವ ಕೊಳವೆಯ ಬಾಯಿಗೆ, ಲೋಳೆ ಕಟ್ಟಿದೆ. ಅತ್ತಿಗೆ ಹಳೆಯ ಹಲ್ಲುಜ್ಜುವ ಬ್ರಷ್ಷು ಹಿಡಿದು ಅದನ್ನು ತಿಕ್ಕಿ ತೆಗೆಯುತ್ತಾರೆ. ಅದು ಮತ್ತೆ ಬರುತ್ತದೆ. ಮನುಕುಲದ ಚರಿತ್ರೆಯಲ್ಲಿ ಇದಕ್ಕಿಂತ ದೀರ್ಘವಾದ ಯುದ್ಧ ನಡೆದಂತಿಲ್ಲ.

(ಕಥೆಯನ್ನು ಹೀಗೆ ಶುರು ಮಾಡಬಹುದೇ? ಸಿಂಕಿನಲ್ಲಿ ಹುಟ್ಟಿದ್ದು ಕೊನೆಗೆ ಎಲ್ಲಿಗೆ ಹರಿದುಹೋಗುತ್ತದೆಂದು ಎಲ್ಲರಿಗೂ ಗೊತ್ತಿದೆ.)

೧

ಮೊದಲ ಡ್ರಾಫ್ಟು ಶುರುವಾಗಿದ್ದು ಹೀಗೆ: 'ಪಾಲಿಸ್ಯಾಕರೈಡ್ ಎಂದರೆ ಸಕ್ಕರೆಯ ಕಣಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡ ಉದ್ದನೆಯ ಸರ.' ಅಣ್ಣ ಎರಡು ಸಾಲು ಓದಿ, ಪರೀಕ್ಷೆ ಯಾವಾಗ ಎಂದು ಕೇಳಿದ. ಆ ಡ್ರಾಫ್ಟು ಅಲ್ಲಿಗೆ ಪ್ರಾಣ ಬಿಟ್ಟಿತು.

ಆದರೆ ಆ ಸಾಲು ನನ್ನನ್ನು ಬಿಡಲಿಲ್ಲ. ಆಲೂಗಡ್ಡೆಯ ಪಿಷ್ಟದಲ್ಲೂ ನೀವು ಹಿಡಿದಿರುವ ಈ ಕಾಗದದಲ್ಲೂ ಇರುವುದು ಒಂದೇ ಸಕ್ಕರೆ, ಗ್ಲೂಕೋಸು. ಕೊಂಡಿ ಹಾಕಿದ ರೀತಿ ಮಾತ್ರ ಬೇರೆ. ಅಷ್ಟಕ್ಕೇ ಒಂದು ಊಟವಾಯಿತು, ಇನ್ನೊಂದು ಪುಸ್ತಕವಾಯಿತು. ಹಸು ಕಾಗದವನ್ನೂ ಅರಗಿಸಿಕೊಳ್ಳಬಲ್ಲದು, ಹೊಟ್ಟೆಯೊಳಗಿನ ಬ್ಯಾಕ್ಟೀರಿಯಾಗಳ ಕೃಪೆಯಿಂದ. (ವಿಮರ್ಶಕರಿಗೆ ಆ ಸೌಲಭ್ಯವಿಲ್ಲ.) ಜಿರಳೆಯ ಬೆನ್ನಿನ ಚಿಪ್ಪು, ನೀವು ಉಂಡು ಮಲಗಿದಾಗ ನಿಮ್ಮ ಲಿವರ್ ಕಟ್ಟಿಟ್ಟುಕೊಳ್ಳುವ ಬುತ್ತಿ, ಮರದ ಕಾಂಡ, ಸಿಂಕಿನ ಲೋಳೆ, ಎಲ್ಲವೂ ಈ ಸರಗಳ ಬಂಧುಬಳಗ. ಯಾವುದನ್ನು ನೆಕ್ಕಿದರೂ ಸಿಹಿಯಿಲ್ಲ. ಲೋಕವೆಲ್ಲ ಸಕ್ಕರೆಯ ಮೇಲೆ ನಿಂತಿದೆ, ಆದರೆ ನಾಲಗೆಗೆ ಸುಳಿವು ಕೊಟ್ಟಿಲ್ಲ.

೨

ಅತ್ತಿಗೆ ಲಸಿಕೆ ತಯಾರಿಸಲು ಹೊರಟಿರುವ ಒಂದು ಸಣ್ಣ ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಸಾಕುತ್ತಾರೆ. ಸಾಕುವುದು ಎಂದೇ ಅವರು ಹೇಳುವುದು. ಅವರು ಸಾಕುತ್ತಿರುವ ತಳಿ, ಮೆದುಳುಜ್ವರ ಬಂದ ಒಂದು ಮಗುವಿನ ಬೆನ್ನುಹುರಿಯ ನೀರಿನಲ್ಲಿ ಸಿಕ್ಕಿದ್ದು. ಮಗು ಉಳಿಯಲಿಲ್ಲ. ತಳಿ ಉಳಿಯಿತು.

ಅದು ಮೈಮೇಲೆ ಲೋಳೆಯ ಅಂಗಿ ತೊಡುತ್ತದೆ. ಆ ಅಂಗಿಯೂ ಸಕ್ಕರೆಯದೇ. ರಕ್ತದಲ್ಲಿ ಕಾವಲು ತಿರುಗುವ ಬಿಳಿಯ ಕಣಗಳು ಹಿಡಿಯಲು ಹೋದರೆ ಕೈಗೆ ಸಿಗದೆ ಜಾರುತ್ತದೆ. ಲಸಿಕೆಯ ಉಪಾಯವೂ ಅಲ್ಲೇ ಇದೆ: ಕಳ್ಳನನ್ನು ಬಿಟ್ಟು ಬರೀ ಅವನ ಅಂಗಿಯನ್ನು ಕಾವಲುಗಾರರಿಗೆ ತೋರಿಸುವುದು. ಎಳೆಮಕ್ಕಳ ಮೈಗೆ ಅಂಗಿಯೊಂದನ್ನೇ ತೋರಿಸಿದರೆ ತಿಳಿಯುವುದಿಲ್ಲವಂತೆ, ಅದಕ್ಕೊಂದು ಪ್ರೋಟೀನಿನ ಗುಂಡಿ ಹೊಲಿದು ತೋರಿಸಬೇಕಂತೆ. ಇದನ್ನು ಯಾರು ಮೊದಲು ಯೋಚಿಸಿದರೋ, ಅವರೆದುರು ಕಥೆಗಾರರೆಲ್ಲ ಕೈಕಟ್ಟಿ ನಿಲ್ಲಬೇಕು.

ಇನ್ನಾವ ಲಸಿಕೆಯಲ್ಲೂ ಇಲ್ಲದ ಅಂಗಿ ಈ ತಳಿಯದು. ಅತ್ತಿಗೆಯ ಲ್ಯಾಬು ನಡೆಯುತ್ತಿರುವುದೇ ಅದಕ್ಕಾಗಿ.

೪

(ಮೂರನೆಯದನ್ನು ಕೈಬಿಟ್ಟೆ. ಅದರಲ್ಲಿ ಬ್ಯಾಕ್ಟೀರಿಯಾ ತನ್ನ ಆತ್ಮಕಥೆ ಹೇಳಿಕೊಳ್ಳುತ್ತಿತ್ತು. ಅತ್ತಿಗೆ ಅದನ್ನು ಓದಿ ಮಡಚಿ ನನ್ನ ಕೈಗಿತ್ತರು. "ಅದಕ್ಕೆ ಬಾಯೇ ಇಲ್ಲ ಮಹರಾಯ. ಬಾಯಿರೋಳು ನಾನಿಲ್ಲಿ ಕೂತಿದ್ದೀನಿ, ನನ್ನ ಕೇಳು.")

ಕೇಳಿದೆ. ಊಟದ ಹೊತ್ತಿನಲ್ಲಿ, ತಟ್ಟೆ ನೋಡುತ್ತಲೇ ಹೇಳಿದರು.

"ನಾನೇ ಕೈಯಾರೆ ಬಿಚ್ಚಿಹಾಕಿಬಿಟ್ಟೆ ಕಣೋ."

"ಏನನ್ನ ಅತ್ತಿಗೆ?"

"ಅದರ ಅಂಗೀನ."

ಅಣ್ಣ ನಡುವೆ ಬಾಯಿ ಹಾಕಿ, ತನ್ನ ಅಂಗಿಯದೂ ಇದೇ ಪಾಡು, ಕುರ್ಚಿಯ ಮೇಲೆ ಕಂಡ ತಕ್ಷಣ ಒಗೆಯಲು ಹೋಗಿರುತ್ತದೆ ಎಂದ. ಅತ್ತಿಗೆ ನಗಲಿಲ್ಲ. ಅಣ್ಣ ನೀರು ಕುಡಿದ.

ಆಗಿದ್ದು ಇಷ್ಟು. ತಳಿ ಸಾಯದಂತೆ ಕಾಯಲು, ಲ್ಯಾಬಿನ ತಟ್ಟೆಯ ಮೇಲೆ ಬೆಳೆದ ಬ್ಯಾಕ್ಟೀರಿಯಾದ ಚುಕ್ಕೆಗಳಲ್ಲಿ ಒಂದನ್ನು ಎತ್ತಿ ಹೊಸ ತಟ್ಟೆಗೆ ಗೀಚಬೇಕು. ಅಂಗಿ ತೊಟ್ಟವುಗಳ ಚುಕ್ಕೆ ಲೋಳೆಲೋಳೆ, ಪಕ್ಕದ್ದರ ಮೈಮೇಲೆ ಹರಿದು ಕಲೆಸಿಕೊಳ್ಳುತ್ತದೆ. ಆಗಾಗ ಒಂದೊಂದು ಬೆತ್ತಲೆಯದು ಹುಟ್ಟುತ್ತದೆ: ಪುಟ್ಟದು, ಒಣಗಿದ್ದು, ತನ್ನ ಪಾಡಿಗೆ ತಾನು ದೂರ ಕೂತದ್ದು. ಅತ್ತಿಗೆಯ ಕೈ ಪ್ರತಿ ಸಲವೂ ಆ ಅಚ್ಚುಕಟ್ಟಾದ ಚುಕ್ಕೆಯ ಕಡೆಗೇ ಹೋಗಿದೆ. ಸಿಂಕು ಉಜ್ಜುವ ಕೈ ಅದು, ಇನ್ನೆಲ್ಲಿಗೆ ಹೋದೀತು? ಬ್ಯಾಕ್ಟೀರಿಯಾಕ್ಕೂ ತಕರಾರಿರಲಿಲ್ಲ. ಶತ್ರುಗಳೇ ಇಲ್ಲದ ತಟ್ಟೆಯಲ್ಲಿ ಅನ್ನ ಖರ್ಚು ಮಾಡಿ ಅಂಗಿ ನೇಯುವವರು ಯಾರು?

ಅಂಗಿಯಿದ್ದರೆ ಉಬ್ಬಿ ಕಾಣುವ ಪರೀಕ್ಷೆಯೊಂದಿದೆ. ಈ ಸಲ ಏನೂ ಉಬ್ಬಲಿಲ್ಲ. ಫ್ರೀಜರಿನಲ್ಲಿ ಇದ್ದವೂ ಇದೇ ಬೆತ್ತಲೆ ವಂಶದವೇ. ಉಳಿದಿರುವುದು, ಮೊದಲ ದಿನಗಳಲ್ಲಿ, ಅಂಗಿ ಇನ್ನೂ ಇದ್ದಾಗ, ತಳಿಯನ್ನು ಒಣಗಿಸಿ ಮುಚ್ಚಿಟ್ಟ ಒಂದೇ ಒಂದು ಗಾಜಿನ ಕೊಳವೆ. ಒಮ್ಮೆ ಒಡೆದು ತೆರೆದರೆ ಮುಗಿಯಿತು, ಮತ್ತೆ ಮುಚ್ಚಿಡುವಂತಿಲ್ಲ. ಅದರೊಳಗಿನವು ಸತ್ತಿದ್ದರೆ ಆ ಲಸಿಕೆಯೂ ಇಲ್ಲ.

"ಆ ಮಗು ಬಿಟ್ಟುಹೋಗಿದ್ದು ಅದೊಂದೇ," ಎಂದರು ಅತ್ತಿಗೆ. "ಅದನ್ನೂ ನಾನು ತೊಳೆದು ಕ್ಲೀನ್ ಮಾಡಿದೆ."

೫

ಇಲ್ಲಿ ಲೇಖಕ ಪೆನ್ನು ಕೆಳಗಿಡುತ್ತಾನೆ. ಅವನಿಗೊಂದು ಅನುಮಾನ ಬಂದಿದೆ. ಈ ಕಥೆಯ ಪ್ರತಿ ಡ್ರಾಫ್ಟಿನಿಂದಲೂ ಅವನು ಆರಿಸಿಕೊಂಡದ್ದು ದುಂಡಗಿನ, ಒಣಗಿದ, ಯಾರ ಮೈಮೇಲೂ ಬೀಳದ ವಾಕ್ಯಗಳನ್ನೇ. ಆರನೆಯ ಪ್ರತಿ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ಅದರಲ್ಲಿ ಅತ್ತಿಗೆಯೇ ಇರಲಿಲ್ಲ. ಅದನ್ನು ಹರಿದೆ. ಈಗ ನೀವು ಓದುತ್ತಿರುವುದು ಲೋಳೆ ಸಮೇತ.

೬

ಅಂತ್ಯ ಒಂದು: ಗಾಜು ಒಡೆಯುತ್ತಾರೆ, ತಟ್ಟೆಯಲ್ಲಿ ಏನೂ ಬೆಳೆಯುವುದಿಲ್ಲ, ಅತ್ತಿಗೆ ರಾಜೀನಾಮೆ ಬರೆಯುತ್ತಾರೆ. (ದುಃಖಾಂತ. ಬಹುಮಾನ ಬರುವ ಸಂಭವವಿದೆ.)

ಅಂತ್ಯ ಎರಡು: ಲಸಿಕೆ ಬರುತ್ತದೆ, ಊರಿನ ಮಕ್ಕಳೆಲ್ಲ ಬದುಕುತ್ತಾರೆ. (ಅಣ್ಣನಿಗೆ ಇಷ್ಟವಾಯಿತು.)

ಎರಡನ್ನೂ ಅತ್ತಿಗೆಗೆ ಓದಿ ಹೇಳಿದೆ. ಒಡೆಯುವ ಮೊದಲೇ ನೀನು ಫಲಿತಾಂಶ ಕೊಡಬೇಡ ಎಂದರು. ಆಮೇಲೆ, ನಾಳೆ ಒಡೆದು ತಟ್ಟೆಗೆ ಹಾಕುತ್ತೇವೆ, ಬೇಕಾದರೆ ನಾಡಿದ್ದು ಬೆಳಿಗ್ಗೆ ಬಂದು ನೋಡು ಎಂದು ಸೇರಿಸಿದರು.

೭

ನನ್ನನ್ನು ಗಾಜಿನ ಬಾಗಿಲ ಹೊರಗೇ ನಿಲ್ಲಿಸಿದರು. ಒಳಗೆ ಅತ್ತಿಗೆ ಬೆಚ್ಚನೆಯ ಪೆಟ್ಟಿಗೆಯಿಂದ ತಟ್ಟೆ ತೆಗೆದರು. ಬೆಳಕಿಗೆ ಹಿಡಿದರು, ಓರೆ ಮಾಡಿದರು, ಇನ್ನೊಮ್ಮೆ ಓರೆ ಮಾಡಿದರು. ಮುಖಕ್ಕೆ ಮಾಸ್ಕಿತ್ತು, ಅದರಲ್ಲಿ ನನಗೇನೂ ಓದಲಾಗಲಿಲ್ಲ. ಆಮೇಲೆ ಬಾಗಿಲ ಬಳಿಗೆ ಬಂದು ತಟ್ಟೆಯನ್ನು ಗಾಜಿಗೆ ಹತ್ತಿರ ಹಿಡಿದರು.

ರಕ್ತ ಬೆರೆಸಿದ ಕೆಂಪು ಹಾಸು. (ಅದನ್ನು ಗಟ್ಟಿ ಹಿಡಿದಿರುವುದೂ ಕಡಲಪಾಚಿಯ ಸಕ್ಕರೆಸರ. ಹಾಸಿಗೆಯೂ ಅದೇ, ಹೊದಿಕೆಯೂ ಅದೇ.) ಅದರ ಮೇಲೆ ಹನಿಗಳು. ಬೆಳಗಿನ ಹೊತ್ತು ಎಲೆಯ ಮೇಲೆ ಕೂರುವಂಥವು. ಒಂದರ ಅಂಚು ಇನ್ನೊಂದಕ್ಕೆ ತಾಗಿ, ಎರಡೂ ಕೂಡಿ ಹರಿದು, ಮೂರನೆಯದನ್ನು ಸೇರಿಸಿಕೊಂಡು ಹೊಳೆಯುತ್ತಿದ್ದವು. ಇಷ್ಟು ಅಚ್ಚುಕಟ್ಟಿಲ್ಲದ ವಸ್ತುವನ್ನು ಅತ್ತಿಗೆಯ ಕೈಯಲ್ಲಿ ನಾನು ನೋಡಿದ್ದು ಅದೇ ಮೊದಲು. ಕಣ್ಣಿಲ್ಲದ, ಬಾಯಿಲ್ಲದ ಜೀವ, ಇಷ್ಟು ವರ್ಷ ಗಾಜಿನೊಳಗೆ ಒಣಗಿ ಕೂತು, ನೀರು ಸಿಕ್ಕಿದ ಕೂಡಲೇ ಮೊದಲು ಮಾಡಿದ ಕೆಲಸ ಅಂಗಿ ನೇಯುವುದು. ನನ್ನ ಬಳಿ ಇದಕ್ಕೆ ಉಪಮೆ ಇಲ್ಲ. ಹುಡುಕಲೂ ಇಲ್ಲ.

ಈ ಅಂಗಿ ನಾಳೆಯೂ ಇರುತ್ತದೆಯೇ, ಮಕ್ಕಳ ಮೈ ಅದನ್ನು ಗುರುತು ಹಿಡಿಯುತ್ತದೆಯೇ, ಮುಂದಿನ ಸಲ ಅತ್ತಿಗೆಯ ಕೈ ಯಾವ ಚುಕ್ಕೆಯ ಕಡೆ ಹೋಗುತ್ತದೆ ಎಂದು ನೀವು ಕೇಳುತ್ತೀರಿ. ನಾನೂ ಕೇಳಿದೆ. ಅವರು ಮಾಸ್ಕು ಇಳಿಸುತ್ತಾ ಹೊರಬಂದರು.

"ಇವತ್ತು ಅಂಗಿ ಇದೆ. ಅಷ್ಟು ಬರಿ, ಸಾಕು."

ಬರೆದಿದ್ದೇನೆ. ಕೊನೆಯನ್ನು ತಿಕ್ಕಿ ಹೊಳೆಯಿಸುವುದಿಲ್ಲ.

ಅಂದು ಸಂಜೆ ಅತ್ತಿಗೆ ಮನೆಗೆ ಬಂದು ಸಿಂಕು ಉಜ್ಜಿದರು.