ಕ್ವಾನರ ಕೆಂಪು ಹೆಸರು

ನನ್ನ ಹೆಂಡತಿ ವಸುಧಾ ತೀರಿಕೊಂಡ ಮೂರನೆಯ ತಿಂಗಳು, ೧೯೮೬ರಲ್ಲಿ, ಅಮೆರಿಕದ ಫಾಸ್ಟರ್ ಸಿಟಿಯ ಮಗನ ಮನೆಯಲ್ಲಿ ಬೆಳಗಿನ ಜಪಕ್ಕೆ ಕುಳಿತಾಗ ಅವಳು ಗಂಧ ತೇಯುವ ಸದ್ದು ಕೇಳಿಸಿತು. ನಲವತ್ತೊಂದು ವರ್ಷ ಕೇಳಿದ ಸದ್ದು.

"ಪಕ್ಕದ ಮನೆ ಚೈನೀಸ್ ತಾತ, ಮಾವ," ಎಂದಳು ಸೊಸೆ ರಮಾ. "ಇಂಕು ತೇಯ್ತಾರೆ. ಗೋಡೆ ಒಂದೇ ಅಲ್ವಾ? ನಿಮ್ಮ ಗೊರಕೆನೂ ಅವರಿಗೆ ಕೇಳ್ಸತ್ತೆ ಬಿಡಿ."

ಹೋಗಿ ನೋಡಿದೆ. ಎಂಬತ್ತರ ಕ್ವಾನ್ ಮಸಿಯ ಕಡ್ಡಿಯನ್ನು ಕಲ್ಲಿನ ಮೇಲೆ ತೇಯುತ್ತಿದ್ದರು. ತಮ್ಮ ದೇಶದಲ್ಲಿ ಬಿದಿರು, ಬೆಟ್ಟಗಳ ಚಿತ್ರ ಬರೆದು ಹೆಸರಾದವರು; ಸ್ಯಾನ್ ಫ್ರಾನ್ಸಿಸ್ಕೋಗೆ ಬಂದ ಮೇಲೆ ಮೂವತ್ತು ವರ್ಷ ಹೋಟೆಲಿನ ಗೋಡೆಗಳಿಗೆ ಅಡುಗೆಯ ಹೆಸರುಗಳನ್ನು ಬರೆದರು. "ಬಾತುಕೋಳಿ ಅಂತ ಇಷ್ಟು ಚೆನ್ನಾಗಿ ಬರೆದವನು ಇನ್ನೊಬ್ಬನಿಲ್ಲ. ಎಲ್ಲರೂ ತಿಂದರು, ಯಾರೂ ನೋಡಲಿಲ್ಲ," ಎಂದು ನಕ್ಕರು. ಅಂದಿನಿಂದ ದಿನವೂ ಅವರ ಪಕ್ಕದಲ್ಲಿ ಆ ಸದ್ದು ಕೇಳುತ್ತ ಕಣ್ಣು ಮುಚ್ಚಿ ಕುಳಿತಿರುತ್ತಿದ್ದೆ.

ಒಮ್ಮೆ ಕೊಲ್ಲಿಯ ಬ್ರಿಜ್ ದಾಟಿ ಹೇವರ್ಡಿನ ಸ್ಮಶಾನಕ್ಕೆ ಕರೆದೊಯ್ದರು. ಅವರ ಹೆಂಡತಿಯ ಸಮಾಧಿಯ ಕಲ್ಲಿನಲ್ಲಿ ಇಬ್ಬರ ಹೆಸರೂ ಅವರದೇ ಕೈಬರಹದಲ್ಲಿ ಕೆತ್ತಿತ್ತು. ಆಕೆಯದಕ್ಕೆ ಬಿಳಿ ಬಣ್ಣ, ಅವರದಕ್ಕೆ ಕೆಂಪು. ಬದುಕಿರುವವರ ಹೆಸರಿಗೆ ಕೆಂಪು ತುಂಬುವುದು ಅವರ ರೂಢಿ.

"ನಾನು ಸತ್ತ ಮೇಲೆ ಬಿಳಿ ಬಳಿಯಬೇಕು. ಇಲ್ಲದಿದ್ದರೆ ನಾನಿನ್ನೂ ಬದುಕಿದ್ದೇನೆ ಎಂದು ಅವಳು ನನ್ನನ್ನು ಹುಡುಕುವುದೇ ಇಲ್ಲ. ನನಗೆ ಮಕ್ಕಳಿಲ್ಲ, ಶೇಷಾದ್ರಿ."

ನಾನು ಮಾತು ಕೊಟ್ಟೆ.

ಮರುವರ್ಷ ಮಾರ್ಚಿನಲ್ಲಿ ಅವರು ತೀರಿಕೊಂಡರು. ಮನೆ ಖಾಲಿಯಾಯಿತು. ಮರುದಿನ ಬೆಳಿಗ್ಗೆ ಗೋಡೆಯಾಚೆ ಅದೇ ಸದ್ದು. ರಮಾಳನ್ನು ಕರೆದೆ.

"ನಂಗೇನೂ ಕೇಳ್ಸ್ತಿಲ್ಲ, ಮಾವ. ಫ್ರಿಡ್ಜು ಇರ್ಬೇಕು."

ಸಮಾಧಿಯ ಕಲ್ಲಿನ ಕೆಂಪನ್ನು ಮುಚ್ಚಿದರೆ ಸದ್ದು ನಿಲ್ಲುತ್ತದೆಂದು ನನಗೆ ಅನ್ನಿಸಿತು. ನಿಂತರೆ ವಸುಧಾ ಇನ್ನೊಮ್ಮೆ ಹೋದಂತೆ. ಹೇವರ್ಡಿನ ಮಾತನ್ನೇ ಎತ್ತಲಿಲ್ಲ. ಮಾತು ತಪ್ಪಿದವನು ದೇವರ ಮುಂದೆ ಕುಳಿತು ಕಳ್ಳನಂತೆ ಕೇಳುತ್ತಿದ್ದೆ.

ಹತ್ತೊಂಬತ್ತನೆಯ ದಿನ ಸದ್ದಿನ ಗತಿ ಬದಲಾಯಿತು. ಅವಸರ, ಒತ್ತಿ ಒತ್ತಿ, ಕಲ್ಲು ಸವೆಯುವಂತೆ. ವಸುಧಾ ಎಂದೂ ಹಾಗೆ ತೇಯ್ದವಳಲ್ಲ. ಗೋಡೆಯಾಚೆ ಇದ್ದವರು ಯಾರೆಂದು ನನಗೆ ಮೊದಲಿನಿಂದಲೂ ಗೊತ್ತಿತ್ತು.

ಜಪವನ್ನು ಅರ್ಧಕ್ಕೆ ಬಿಟ್ಟು ಎದ್ದು, ಕೊಟ್ಟ ಮಾತನ್ನು ರಮಾಗೆ ಹೇಳಿದೆ. ಅವಳು ಆಫೀಸಿಗೆ ರಜ ಹೇಳಿ ಬ್ರಿಜ್ ದಾಟಿಸಿ ಕರೆದೊಯ್ದಳು.

"ಇಷ್ಟು ದಿನ ಯಾಕೆ ಹೇಳ್ಲಿಲ್ಲ ಮಾವ? ವೀಕೆಂಡಲ್ಲೇ ಬರಬಹುದಿತ್ತಲ್ಲ."

"ಸ್ವಾರ್ಥ ಕಣಮ್ಮ," ಎಂದೆ.

ಹುಲ್ಲಿನ ಮೇಲೆ ಮಂಡಿಯೂರಿ ಕ್ವಾನರ ಹೆಸರಿನ ಒಂದೊಂದೇ ಗೆರೆಗೆ ಬಿಳಿ ತುಂಬಿದೆ. ಬಣ್ಣ ಅಂಚಿನಾಚೆಗೂ ಹರಿಯಿತು. ಅಂಥ ಬರಹವನ್ನು ಕೆಡಿಸಿದೆ. ಕೆಂಪು ಎಲ್ಲೂ ಕಾಣದಂತಾದ ಮೇಲೆ ಪಕ್ಕದಲ್ಲಿದ್ದ ಅವರ ಹೆಂಡತಿಯ ಹೆಸರಿಗೆ ಕೈಮುಗಿದೆ.

"ತಡವಾಯಿತು, ತಾಯಿ. ನಾನೇ ಹಿಡಿದಿಟ್ಟಿದ್ದೆ. ಇವರು ಹೊರಟು ಬಹಳ ದಿನವಾಯಿತು."

ಬಣ್ಣ ಒಣಗುವವರೆಗೂ ರಮಾ ಕಾರಿನಲ್ಲಿ ಕಾದಳು.