ಕಬ್ಬಿಣದ ಹಾಡಿಗೆ ಒಂದು ಕೊಡ ನೀರು

ಷಣ್ಮುಖಪ್ಪನ ಮನೆಗೆ ಬರುವ ಮೊದಲು ಭದ್ರಾವತಿಯ ಓಲ್ಡ್ ಟೌನಿಗೆ ಗಿಟಾರ್ ಎಂಬುದು ಬಂದೇ ಇರಲಿಲ್ಲ. ಬಂದಿದ್ದರೂ ಕಬ್ಬಿಣದ ಕಾರ್ಖಾನೆಯ ಸೈರನ್ನಿಗೆ ಹೆದರಿ, ಬಂದ ರೈಲಿನಲ್ಲೇ ವಾಪಸು ಹೋಗಿರಬೇಕು. ವರ್ಗವಾಗಿ ಹೊರಟಿದ್ದ ಆಂಗ್ಲೋ ಇಂಡಿಯನ್ ಗಾರ್ಡ್ ಒಬ್ಬ ಶಿವಮೊಗ್ಗ ಸ್ಟೇಷನ್ನಿನಲ್ಲಿ ಅದನ್ನು ಇವನ ಕೈಗಿತ್ತಾಗ ತಂತಿ ಆರು, ಬಿರುಕು ಏಳು. ಅದೇ ವಾರ ಷಣ್ಮುಖಪ್ಪ ಹದಿನಾಲ್ಕು ಹಾಡು ಕಟ್ಟಿದ. ಅವನ್ನು ಕೇಳಿ ಬೀದಿಯ ಎಮ್ಮೆಗಳು ಎರಡು ಸೇರು ಹಾಲು ಹೆಚ್ಚು ಕೊಟ್ಟವು ಎಂದು ಅವನೇ ಹೇಳಿಕೊಂಡು ತಿರುಗಿದ. ಎಮ್ಮೆಗಳು ಯಾವತ್ತೂ ಅಲ್ಲಗಳೆಯಲಿಲ್ಲ.

ಹಗಲಿಗೆ ಅವನು ಕಾರ್ಖಾನೆಯಲ್ಲಿ ಹಾಜರಿ ಬರೆಯುವ ಟೈಂ ಆಫೀಸಿನ ಗುಮಾಸ್ತ; ಐದೂವರೆಯ ಮೇಲೆ ಕವಿ. ಐವತ್ತೆಂಟನೆಯ ಇಸವಿಯ ಗಣೇಶನ ಹಬ್ಬಕ್ಕೆ ಶಿವಮೊಗ್ಗ ಕೋಟೆಯ ಪೆಂಡಾಲಿನವರು ಹೇಳಿಕಳಿಸಿದರು: ಕಬ್ಬಿಣದ ಮೇಲೆ ಒಂದು ಹಾಡು ಬೇಕು, ಅದನ್ನು ಕರಗಿಸುವ ಫರ್ನೇಸಿನ ಆಳುಗಳೇ ಜೊತೆಗೆ ನಿಂತು ಹಾಡಬೇಕು; ಆಗದಿದ್ದರೆ ಆ ಸಂಜೆಯನ್ನು ಹೊಳೆಹೊನ್ನೂರಿನ ಹಾರ್ಮೋನಿಯಂನವನಿಗೆ ಕೊಡುತ್ತೇವೆ. ಹಾರ್ಮೋನಿಯಂ ಎಂಬ ಶಬ್ದ ಕಿವಿಗೆ ಬಿದ್ದದ್ದೇ ತಡ, ಷಣ್ಮುಖಪ್ಪನಿಗೆ ನೂರಮೂರು ಡಿಗ್ರಿ ಜ್ವರ ಬಂತು. ಜ್ವರದಲ್ಲೇ ಮೂವತ್ತೆರಡು ನುಡಿ ಬರೆದ.

ಫರ್ನೇಸಿನ ಮೇಸ್ತ್ರಿ ಬೀರಪ್ಪ. ಅವನು ಹೂಂ ಅಂದರೆ ಹನ್ನೆರಡು ಜನ ಹಾಡುತ್ತಾರೆ. ಊಹೂಂ ಅಂದರೆ ಹನ್ನೆರಡು ಜನ ಕೆಮ್ಮುವುದೂ ಇಲ್ಲ. ಊಟದ ಹೊತ್ತಿಗೆ ಅವರೆಲ್ಲ ಹುಣಸೆಮರದ ಕೆಳಗೆ ಬುತ್ತಿ ಬಿಚ್ಚಿದಾಗ ಷಣ್ಮುಖಪ್ಪ ಗಿಟಾರ್ ಹಿಡಿದು ಹೋಗಿ ನಿಂತು, ಕಣ್ಣುಮುಚ್ಚಿ ಶುರುಮಾಡಿದ:

ಕಬ್ಬಿಣದ ಹೊಳೆ ಬಂತು ಗುಡುಗುಡುಗಿ ಮೊರೆದು,
ನೀರ ಕೊಡ ಹೊತ್ತವಳು ಎದುರಾಗಿ ನಿಂತು
ಸುರಿದಳೋ ತಂಪನ್ನು ಸುಡುವೆದೆಯ ಮೇಲೆ...

ನಗು ಎದ್ದ ರಭಸಕ್ಕೆ ಮರದ ಹುಣಸೆಕಾಯಿ ಉದುರಿದವು. ಒಬ್ಬನ ಮುದ್ದೆ ಗಂಟಲಲ್ಲೇ ಕೂತಿತು. ಅವನ ಬೆನ್ನಿಗೆ ಗುದ್ದಲು ಮೂವರು ಬೇಕಾದರು.

"ಗುಮಾಸ್ತರೇ," ಕಣ್ಣೊರೆಸಿಕೊಂಡ ಬೀರಪ್ಪ, "ಆ ಹುಡುಗೀನ ಮನೇಲೇ ಕೂರಿಸಿ. ಕರಗಿದ ಕಬ್ಬಿಣದ ಕೆಳಗೆ ಒಂದು ಬೊಗಸೆ ನೀರು ಸಿಕ್ಕಿಕೊಂಡ್ರೂ ಬಾಂಬ್ ಸಿಡಿದ ಹಾಗೆ. ಕಾಲುವೆ ಮರಳಲ್ಲಿ ತೇವ ಇದ್ರೂ ನಾವು ಕಬ್ಬಿಣ ಬಿಡಲ್ಲ. ಇವಳು ಒಂದು ಕೊಡ ಸುರಿದ್ಲು ಅಂದ್ರೆ ನಾವೂ ಇಲ್ಲ, ನೀವೂ ಇಲ್ಲ."

"ಅದು ಕವಿತೆ ಬೀರಪ್ಪ..."

"ಫರ್ನೇಸಿನ ಬಾಯಿ ಒಡೆದು ಕಬ್ಬಿಣ ಹರಿಸೋದು ಒಂದ್ಸಲನಾದ್ರೂ ನೋಡಿದೀರಾ?"

"ಒಂಬತ್ತು ವರ್ಷದಿಂದ ದಿನಾ ಹೊಗೆ ನೋಡ್ತಿದೀನಲ್ಲ!"

"ಹೊಗೆ ನೋಡಿ ಸಾರಿಗೆ ಉಪ್ಪು ಸಾಲ್ದು ಅಂತೀರಾ ಮಾರಾಯ್ರೆ? ನಾಳೆ ಹತ್ತು ಗಂಟೆಗೆ ಬನ್ನಿ. ನೋಡಿದ್ಮೇಲೂ ಇದನ್ನೇ ಹಾಡ್ತೀರಿ ಅಂದ್ರೆ ನಾವು ಬರಲ್ಲ."

ಮರುದಿನ ಷಣ್ಮುಖಪ್ಪ ಇಸ್ತ್ರಿ ಅಂಗಿ ತೊಟ್ಟು ಹೋದ. ನಾಲ್ಕು ಆಳುದ್ದದ ಹಾರೆಯಿಂದ ಬೀರಪ್ಪ ಫರ್ನೇಸಿನ ಬಾಯಿ ಮುಚ್ಚಿದ್ದ ಮಣ್ಣಿನ ಬೆಣೆಯನ್ನು ಒಂದು, ಎರಡು, ಮೂರು ಸಲ ಗುದ್ದಿದ. ಷಣ್ಮುಖಪ್ಪ ಗುಡುಗಿಗೆ ಕಾದು ಕಿವಿಗೆ ಬೆರಳಿಟ್ಟುಕೊಂಡ.

ಗುಡುಗಲಿಲ್ಲ. ಬೆಳಕು ಬಂತು. ಸೂರ್ಯನನ್ನು ಯಾರೋ ಹಿಂಡಿ ಬಿಟ್ಟ ಹಾಗೆ ಅದು ಮರಳಿನ ಕಾಲುವೆಗಿಳಿಯಿತು, ತಿರುವಿನಲ್ಲಿ ತಿರುಗಿತು, ಕವಲಿನಲ್ಲಿ ಕವಲಾಯಿತು. ತೊಟ್ಟಿಲಲ್ಲಿ ಮಲಗಿದ ಮಗುವನ್ನು ದಾಟಿ ಹೋಗುವ ತಾಯಿಯಷ್ಟು ಸದ್ದಿಲ್ಲದೆ ಅಷ್ಟು ಬೆಂಕಿ ಅವನೆದುರು ಹಾದುಹೋಯಿತು. ಕಿವಿಯಿಂದ ಬೆರಳು ತೆಗೆದರೆ ಕಿಡಿಗಳ ಸಣ್ಣ ಚಿಟಪಟ ಮಾತ್ರ. ಒಂದಕ್ಕೆ ಹತ್ತು ಸೇರಿಸದೆ ತಿಂಡಿ ತಿಂದದ್ದನ್ನೂ ಹೇಳದ ಷಣ್ಮುಖಪ್ಪನಿಗೆ, ಅದಕ್ಕೆ ಸೇರಿಸಲು ಏನೂ ಸಿಗಲಿಲ್ಲ.

ಮನೆಗೆ ಬಂದು ಮೂರು ದಿನ ಮಾತಾಡಲಿಲ್ಲ. ಹೆಂಡತಿ ಶಂಕರಮ್ಮ ಗಾಬರಿಬಿದ್ದಳು. "ಏನ್ರೀ, ಬಾಯಿ ಬಿದ್ದೋಯ್ತಾ? ಒಂದು ಸುಳ್ಳಾದ್ರೂ ಹೇಳ್ರೀ!"

ನಾಲ್ಕನೆಯ ದಿನ ಅವನು ಹುಣಸೆಮರದ ಕೆಳಗೆ ಹೋದಾಗ ಮೂವತ್ತೆರಡು ನುಡಿಗಳಲ್ಲಿ ಉಳಿದದ್ದು ನಾಲ್ಕು. ಮೊದಲ ಮೂರರಲ್ಲಿ ಮರಳು ಒಣಗಿಸುವುದು, ಹಾರೆ ಎತ್ತುವುದು, ಗುದ್ದುವುದು. ಹಾಡುತ್ತ ಬಂದವನು ಗಿಟಾರಿನ ಮೂರನೆಯ ಗುದ್ದಿಗೆ ಅಂಗೈಯನ್ನು ತಂತಿಗಳ ಮೇಲಿಟ್ಟು ಸುಮ್ಮನಾದ.

"ಕಬ್ಬಿಣ ಎಲ್ಲಿ?" ಎಂದ ಬೀರಪ್ಪ.

"ಇಲ್ಲೇ. ಇಲ್ಲಿ ಮಾತಿಲ್ಲ. ನೀವೂ ಸುಮ್ನಿರ್ಬೇಕು. ಆಮೇಲೆ ಕೊನೇ ನುಡಿ."

"ಸುಮ್ನಿರೋಕೆ ಹನ್ನೆರಡು ಜನ ಶಿವಮೊಗ್ಗದವರೆಗೂ ಹೋಗ್ಬೇಕಾ?"

"ಹೌದು."

ಬೀರಪ್ಪ ಬುತ್ತಿ ಕಟ್ಟಿ ಎದ್ದ. "ಬರ್ತೀವಿ," ಎಂದ.

ಕೋಟೆಯ ಪೆಂಡಾಲಿನಲ್ಲಿ ಆ ಸಂಜೆ ಸೇರಿದ್ದು ಅರ್ಧ ಮೈಸೂರು ರಾಜ್ಯ. ಉಳಿದರ್ಧಕ್ಕೆ ಬಸ್ಸು ಸಿಕ್ಕಿರಲಿಲ್ಲ. ಷಣ್ಮುಖಪ್ಪನ ಜೊತೆ ಹನ್ನೆರಡು ಆಳುಗಳೂ ಸಾಲು ಸಾಲಾಗಿ ಹಾಡಿದರು. ಗಿಟಾರಿನ ದಪ್ಪ ತಂತಿ ಮೂರು ಸಲ ಗುದ್ದಿತು. ಷಣ್ಮುಖಪ್ಪ ಅಂಗೈ ಇಟ್ಟ.

ಸದ್ದಡಗಿತು. ಯಾರೂ ಹೇಳಿಕೊಟ್ಟಿರಲಿಲ್ಲ: ಹನ್ನೆರಡು ಜನವೂ ಒಟ್ಟಿಗೆ ಮುಖಕ್ಕೆ ಕೈ ಅಡ್ಡಹಿಡಿದು ಎರಡು ಹೆಜ್ಜೆ ಹಿಂದೆ ಸರಿದರು. ದಿನವೂ ಕಬ್ಬಿಣದ ಝಳದೆದುರು ನಿಂತು ಮೈಗೆ ಅಂಟಿದ ರೂಢಿ ಅದು. ಅದನ್ನು ನೋಡುತ್ತಿದ್ದ ಮುಂದಿನ ಸಾಲಿನ ಕುರ್ಚಿಗಳು ಕಿರ್ ಎಂದು ಹಿಂದೆ ಜರುಗಿದವು. ಪೆಂಡಾಲಿನ ಅಧ್ಯಕ್ಷ ಪರಮೇಶ್ವರಪ್ಪನವರು ಶಲ್ಯದಿಂದ ಹಣೆಯ ಬೆವರು ಒರೆಸಿಕೊಂಡರು. ತಾಯಂದಿರು ಮಕ್ಕಳನ್ನು ಎಳೆದುಕೊಂಡರು.

ಕೊನೆಯ ನುಡಿಗೆ ಹೊತ್ತಾಗಿತ್ತು. ಷಣ್ಮುಖಪ್ಪ ತಂತಿಗಳಿಂದ ಕೈ ಎತ್ತಹೋದ.

"ತಡೀರಿ," ತುಟಿ ಅಲ್ಲಾಡಿಸದೆ ಅಂದ ಬೀರಪ್ಪ, "ಕಬ್ಬಿಣ ಇನ್ನೂ ಹರೀತಿದೆ."